ಹೇಳುವುದಿಲ್ಲವೆಂದು ಮಾತು ಕೊಟ್ಟವರು

"ಬಾಗಿಲು ತೆಗೀರಿ. ಒಳಗಿಂದ ಚಿಲಕ ಹಾಕೋ ಹಾಗಿಲ್ಲ ಇಲ್ಲಿ."

ಹೊರಗಿನ ಗಂಡು ದನಿ ಕೇಳಿ ಇಡೀ ಹತ್ತನೇ ಕ್ಲಾಸು ಕಿಸಕ್ಕನೆ ನಕ್ಕಿತು.

ಅವಳು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಳು. ಸಮಾಜ ವಿಜ್ಞಾನದ ಹೊಸ ಟೀಚರ್. ಎದುರಿಗೆ, ಕೊರಳಲ್ಲಿ ಸೀಟಿ ತೂಗಿಸಿಕೊಂಡ ಪೀಟಿ ಮೇಷ್ಟ್ರು.

"ಈ ಪೀರಿಯಡ್ ನನ್ನದು," ಅಂದಳು. "ಒಳಗೆ ಬರೋದಾದ್ರೆ ನೆಲದ ಮೇಲೆ ಕೂತ್ಕೋಬೇಕು. ಇಲ್ಲಿ ಕೇಳಿದ್ದನ್ನ ಹೊರಗೆ ಹೇಳಲ್ಲ ಅಂತ ಮಾತು ಕೊಡಬೇಕು. ಆಗುತ್ತಾ?"

ಅವನು ಅವಳನ್ನೇ ನೋಡಿದ. ಆ ನೋಟಕ್ಕೆ ಯಾಕೋ ಅವಳ ಕಿವಿ ಬಿಸಿಯಾಯಿತು...

ಬೂಟು ಬಿಚ್ಚಿ ಒಳಗೆ ಬಂದ. ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತ.

"ಕೊಟ್ಟೆ," ಅಂದ.

"ಸಾರ್ ಮಾತಿಗೆ ಸಾಕ್ಷಿ ಬೇಕು ಟೀಚರ್," ಅಂದ ಎಲ್ಲದಕ್ಕೂ ವಾದ ಹೂಡುವ ಒಬ್ಬ ಹುಡುಗ. ಕ್ಲಾಸು ಅವನಿಗಿಟ್ಟ ಹೆಸರು ವಕೀಲ.

ಊರಿನ ನಟ್ಟನಡುವೆ, ಫ್ಲೈಓವರಿನ ನೆರಳಲ್ಲಿದ್ದ ಶಾಲೆ ಅದು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಕತ್ತಲೆ. ಅಲ್ಲಿನ ಮಕ್ಕಳನ್ನು ಶಿಕ್ಷಣ ಕಚೇರಿಯವರು 'ಕೈಬಿಟ್ಟ ಕೇಸುಗಳು' ಅನ್ನುತ್ತಿದ್ದರು. ಕೈಬಿಟ್ಟವರು ಯಾರು ಅಂತ ಮಾತ್ರ ಆ ಕಚೇರಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅವಳಿಗೂ ಬಂದ ಹೊಸದರಲ್ಲಿ ನಂಬಿಕೆ ಇರಲಿಲ್ಲ. ಪಾಠಕ್ಕೆ ನಿಂತರೆ ಹಿಂದಿನ ಸಾಲು ಗೊರಕೆ ಹೊಡೆಯುತ್ತಿತ್ತು. ರಾತ್ರಿಯೆಲ್ಲ ದುಡಿದು ಬಂದ ಮಕ್ಕಳ ಗೊರಕೆ ಅದು ಎಂದು ತಿಳಿದ ದಿನ ಬೆಂಚುಗಳನ್ನು ಗೋಡೆಗೆ ತಳ್ಳಿದಳು. ವಾರದ ಕೊನೆಯ ಪೀರಿಯಡ್‌ನಲ್ಲಿ ಎಲ್ಲರೂ ಸುತ್ತ ಕೂರಬೇಕು, ಬೇಕಾದ್ದು ಮಾತಾಡಬೇಕು. ಮಾತು ಗೋಡೆ ದಾಟಬಾರದು.

ಮಕ್ಕಳು ಮೊದಲು ಜೋಕು ಹೊಡೆದರು. ಆಮೇಲೆ ಮೆಲ್ಲಗೆ ಮನೆಯ ವಿಷಯ ಬಿಚ್ಚಿದರು. ಶಾಲೆ ಬಿಟ್ಟಿದ್ದವರಲ್ಲಿ ಕೆಲವರು ಆ ಒಂದು ಪೀರಿಯಡ್‌ಗಾಗಿಯೇ ವಾಪಸ್ ಬಂದರು.

ಪೀಟಿ ಮೇಷ್ಟ್ರೂ ತಪ್ಪದೆ ಬರುತ್ತಿದ್ದ. ಸಂಜೆ ಬಸ್ ಸ್ಟಾಪಿನ ತನಕ ಅವಳ ಜೊತೆ ನಡೆಯುತ್ತಿದ್ದ, ಯಾವಾಗಲೂ ವಾಹನಗಳ ಕಡೆಗೆ ತಾನೇ ಇದ್ದು. ಬಸ್ಸು ತಪ್ಪಿದರೆ ಇಬ್ಬರಿಗೂ ಒಳಗೊಳಗೇ ಖುಷಿ. ಟೀಚರ್ ಬೇಕಂತಲೇ ನಿಧಾನ ನಡೀತಾರೆ ಅಂತ ವಕೀಲ ಕ್ಲಾಸಿನಲ್ಲಿ ಆರೋಪ ಹೊರಿಸಿದಾಗ ಅವಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು.

'ಇವನನ್ನ ನಂಬಬಹುದು...' ಅಂದುಕೊಂಡಿದ್ದಳು.

ಕ್ಲಾಸಿನಲ್ಲಿ ಅತಿ ದೊಡ್ಡ ಗಂಟಲು ಮೈಕ್ ಎಂಬ ಅಡ್ಡಹೆಸರಿನ ಹುಡುಗಿಯದು. ಒಂದು ವಾರ ಆ ಗಂಟಲು ಕಟ್ಟಿಹೋಯಿತು. ಕೊನೆಯ ಪೀರಿಯಡ್‌ನಲ್ಲಿ ಅವಳು ಅಂಗಿಯ ತೋಳು ಮಡಚಿ ತೋರಿಸಿದಳು. ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಚರ್ಮ ಸುಟ್ಟಿತ್ತು. ಅಪ್ಪ ಅಮ್ಮ ಇಲ್ಲದ ಅವಳನ್ನೂ ತಮ್ಮನನ್ನೂ ಸಾಕುತ್ತಿದ್ದ ಚಿಕ್ಕಪ್ಪ, ನೆಲಮಾಳಿಗೆಯ ತನ್ನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ನಿಧಾನವಾಯಿತೆಂದು ಕೊಟ್ಟ ಬಹುಮಾನ.

"ಯಾರಿಗೂ ಹೇಳ್ಬೇಡಿ ಟೀಚರ್. ಹೇಳಿದ್ರೆ ಆಫೀಸಿನವರು ಬರ್ತಾರೆ. ನನ್ನನ್ನೂ ತಮ್ಮನನ್ನೂ ಬೇರೆ ಬೇರೆ ಮಾಡ್ತಾರೆ."

"ಹೇಳಲ್ಲ ಕಂದ," ಅಂದಳು ಟೀಚರ್, ಎಲ್ಲರೆದುರು.

ಮೇಷ್ಟ್ರು ತಲೆ ತಗ್ಗಿಸಿ ಕೂತಿದ್ದ.

ಸೋಮವಾರ ಅವಳು ಬಂದಾಗ ಮಕ್ಕಳೇ ಬೆಂಚುಗಳನ್ನು ಮತ್ತೆ ನೇರ ಸಾಲಾಗಿ ಜೋಡಿಸಿದ್ದರು. ಮೈಕ್ ಇರಲಿಲ್ಲ. ಭಾನುವಾರ ಮಕ್ಕಳ ರಕ್ಷಣಾ ಕಚೇರಿಯವರು ಬಂದು ಅಕ್ಕನನ್ನು ಒಂದು ಹಾಸ್ಟೆಲಿಗೆ, ತಮ್ಮನನ್ನು ಊರಾಚೆಯ ಇನ್ನೊಂದಕ್ಕೆ ಒಯ್ದಿದ್ದರು.

"ಪಾಠ ಮಾಡಿ ಟೀಚರ್," ಅಂದ ವಕೀಲ. ಅವನ ದನಿಯಲ್ಲಿ ವಾದವೇ ಇರಲಿಲ್ಲ. "ನಿಮಗೆ ಸಂಬಳ ಕೊಡೋದು ಅದಕ್ಕೇ ಅಲ್ವಾ."

ಅವಳು ಸೀದಾ ಆಟದ ಸಾಮಾನಿನ ಕೋಣೆಗೆ ಹೋದಳು. ಅವನು ಚೆಂಡಿಗೆ ಗಾಳಿ ತುಂಬುತ್ತಿದ್ದ.

"ನೀವಾ?"

"ನಾನೇ."

ಇಲ್ಲ ಅನ್ನುತ್ತಾನೆ ಅಂತ ಅವಳ ಎದೆ ಕೊನೇ ಕ್ಷಣದವರೆಗೂ ಕಾದಿತ್ತು...

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ. ಹೂಂ ಅಂದಿದ್ರೆ ಮಕ್ಕಳ ಮುಂದೆ ಸುಳ್ಳಿ ಆಗ್ತಿದ್ರಿ. ಅಕ್ಕ ತಮ್ಮನನ್ನ ಒಟ್ಟಿಗೇ ಇಡ್ತೀವಿ ಅಂತ ಆ ಅಧಿಕಾರಿ ನನಗೆ ಮಾತು ಕೊಟ್ಟಿದ್ರು."

"ಮಾತು!" ಅವಳು ನಕ್ಕಳು. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು. "ಮಾತು ಮುರಿದವರಿಗೆ ಮಾತು ಮುರಿಯೋರೇ ಸಿಗ್ತಾರೆ. ನನ್ನ ಪಕ್ಕದಲ್ಲೇ ಕೂತು ನನ್ನ ಕತ್ತು ಕೊಯ್ದ್ರಲ್ಲ..."

ಅವನು ಪಂಪನ್ನು ನೆಲಕ್ಕಿಟ್ಟ.

ಆ ದಿನದಿಂದ ಅವಳು ಬಸ್ ಸ್ಟಾಪಿಗೆ ಬೇರೆ ಬೀದಿ ಹಿಡಿದಳು. ಮನೆಯಲ್ಲಿ ಊಟದ ತಟ್ಟೆ ತಳ್ಳಿದರೆ ಅಮ್ಮ ಏನಾಯಿತೆಂದು ಕೇಳುವರು. ಏನು ಹೇಳುವುದು? ಹಾಳಾದ ಆ ಸುಟ್ಟ ತೋಳು ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತಿತ್ತು. ಅವನೂ ತನ್ನ ಹಾಗೆ ಬಾಯಿ ಮುಚ್ಚಿಕೊಂಡೇ ಇದ್ದಿದ್ದರೆ ಮುಂದಿನ ವಾರ ಇನ್ನೊಂದು ತೋಳು. 'ನಾನು ಕೊಟ್ಟದ್ದು ನಂಬಿಕೆಯಾ, ಇಲ್ಲ ನಾನೇ ಹಾಕಿದ ಇನ್ನೊಂದು ಬೀಗವಾ?'

ಒಂದು ಬೆಳಗ್ಗೆ ಅವಳು ಆ ನೇರ ಸಾಲುಗಳ ಎದುರು ನಿಂತಳು.

"ಹೇಳಿದ್ದು ನಾನಲ್ಲ. ಆದ್ರೆ ಹೇಳಬೇಕಾಗಿದ್ದವಳು ನಾನೇ. ಕೊಡೋ ಹಕ್ಕಿಲ್ಲದ ಮಾತು ಕೊಟ್ಟೆ, ಅದು ನನ್ನ ತಪ್ಪು. ಈಗ ಅವರಿಬ್ಬರನ್ನ ಒಂದೇ ಕಡೆ ಇಡಿಸೋಕೆ ಆ ಆಫೀಸಿಗೆ ಹೋಗ್ತಿದ್ದೀನಿ."

ಯಾರೂ ಅಲುಗಲಿಲ್ಲ. ಅವಳು ಒಬ್ಬಳೇ ಹೊರಟಳು. ಗೇಟು ದಾಟುವಾಗ ಹಿಂದಿನಿಂದ ವಕೀಲನ ದನಿ ಕೇಳಿಸಿತು. "ವಕೀಲ ಇಲ್ದೆ ಆಫೀಸಿಗೆ ಹೋಗ್ತಾರಾ ಟೀಚರ್?" ಅವನ ಬೆನ್ನ ಹಿಂದೆ ಇಡೀ ಕ್ಲಾಸು.

ಕಚೇರಿಯ ಕಾರಿಡಾರಿನಲ್ಲಿ ಪೀಟಿ ಮೇಷ್ಟ್ರು ಆಗಲೇ ಕೂತಿದ್ದ. ಗುಮಾಸ್ತೆ ಮುಖ ಸಿಂಡರಿಸಿ, ಈ ಮಹಾಶಯರು ದಿನಾ ಬಂದು ಅಕ್ಕ ತಮ್ಮನ ವಿಷಯಕ್ಕೆ ಪ್ರಾಣ ತಿನ್ನುತ್ತಾರೆ, ಈಗ ದಂಡೇ ಬಂತಲ್ಲ ಅಂದಳು. ಟೀಚರ್ ಅವನ ಮುಖ ನೋಡದೆ ಪಕ್ಕದಲ್ಲಿ ಕೂತಳು. ಮಕ್ಕಳು ದಾರಿ ತುಂಬ ಕೂತರು. ಸಾಹೇಬರು ಊಟಕ್ಕೆ ಹೋಗಬೇಕಾದರೆ ಇವರನ್ನೆಲ್ಲ ದಾಟಿಯೇ ಹೋಗಬೇಕು. ವಕೀಲ ನಿಯಮ ಕೇಳಿದ, ಉಳಿದವರು ನೀರು ಕೇಳಿದರು, ಶೌಚಾಲಯ ಕೇಳಿದರು. ಸಂಜೆಯ ಹೊತ್ತಿಗೆ ಆದೇಶ ಬಂತು: ಇಬ್ಬರಿಗೂ ಒಂದೇ ಹಾಸ್ಟೆಲ್.

ಮರುವಾರ ಮೈಕ್ ಶಾಲೆಗೆ ಬಂದಳು. ಟೀಚರ್ ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅಂದಳು, "ಹೇಳ್ಬೇಡಿ ಅಂದೆ ಟೀಚರ್, ನಿಜ. ಆದ್ರೆ ಹೇಳಬಾರದು ಅಂತಿದ್ರೆ ತೋಳು ಯಾಕೆ ತೋರಿಸ್ತಿದ್ದೆ?"

ಟೀಚರ್ ತಡೆದಿದ್ದ ಅಳು ಅಲ್ಲೇ ಒಡೆಯಿತು.

ಆ ಸಂಜೆ ಅವಳು ಹಳೇ ಬೀದಿಯಲ್ಲೇ ಹೊರಟಳು. ಅವನು ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ, ಮಾತಾಡಿಸುವ ಧೈರ್ಯವಿಲ್ಲದೆ. ಅವಳೇ ನಿಂತಳು.

"ನಿಮ್ಮನ್ನ ಇನ್ನೂ ಕ್ಷಮಿಸಿಲ್ಲ."

"ಗೊತ್ತು."

"ಮಾಡಿದ್ದು ಸರಿ. ನನಗೆ ಹೇಳದೆ ಮಾಡಿದ್ದು ಸರಿಯಲ್ಲ. ಇಲ್ಲಿ, ಎದೆಯಲ್ಲಿ, ಇನ್ನೂ ನೋಯುತ್ತೆ..."

"ನನಗೂ. ನಿಮ್ಮನ್ನ ಕಳ್ಕೊಳ್ತೀನಿ ಅಂತ ಗೊತ್ತಿದ್ದೇ ಹೇಳಿದ್ದು. ಅಷ್ಟು ಪ್ರೀತಿಸ್ತಿದ್ದೆ ಅಂತ ಅವತ್ತು ಗೊತ್ತಾಯ್ತು."

ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ.

"ಕ್ಷಮಿಸೋಕೆ ತುಂಬಾ ವರ್ಷ ಹಿಡಿಯಬಹುದು," ಅಂದಳು ಅವಳು, ಕಣ್ಣೊರೆಸಿಕೊಂಡು. "ಅಲ್ಲೀವರೆಗೂ ಒಂದೇ ಮನೇಲಿದ್ರೆ ಜಗಳ ಆಡೋಕೆ ಸುಲಭ."

ಅವನು ತಿರುಗಿ ಅವಳೆದುರು ನಿಂತ. "ನಿಮ್ಮ ಅಮ್ಮನ ಹತ್ರ ನಾಳೆನೇ ಬಂದು ಮಾತಾಡ್ಲಾ?"

"ಬನ್ನಿ," ಅಂದಳು. "ನೋಡಿ, ಈ ಸಲ ಮೊದಲು ನನ್ನನ್ನ ಕೇಳಿದ್ರಲ್ಲ."