ಬಣ್ಣಗಾತಿ ಜಕ್ಕಲೆಯೂ ಹಸಿರು ಸಂಜೆಯೂ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮೆತ್ತಗಿದ್ದ ಕಾಲದಲ್ಲಿ, ಪಡುವಣನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿ ಸಂಜೆ ತಾನಾಗಿಯೇ ಆಗುತ್ತಿರಲಿಲ್ಲ, ಯಾರಾದರೂ ಮಾಡಬೇಕಿತ್ತು. ಅರಮನೆಯ ಬಣ್ಣಗಾತಿ ಜಕ್ಕಲೆ ದಿನವೂ ಮೋಡದ ಹಚ್ಚಡವನ್ನು ಕೊಪ್ಪರಿಗೆಯ ಕೆಂಪಿನಲ್ಲಿ ಅದ್ದಿ ತೆಗೆದು ಗುಡ್ಡದ ಮೇಲೆ ಹರವುತ್ತಿದ್ದಳು. ಅದನ್ನು ನೋಡಿ ಹಕ್ಕಿಗಳು ಗೂಡಿಗೆ ಹೊರಡುತ್ತಿದ್ದವು, ಹೆಂಗಸರು ದೀಪಕ್ಕೆ ಎಣ್ಣೆ ಹಾಕುತ್ತಿದ್ದರು.

ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ಹೊಸ್ತಿಲ ಮೇಲೆ ನಿಂತು ಯಾರೂ ‘ಬೇಡ’ ಎನ್ನಬಾರದು. ಯಾರಾದರೂ ಅಂದುಬಿಟ್ಟರೆ, ಬೇಡವೆಂದದ್ದನ್ನು ಗವಿಮಾರನೆಂಬ ಮಾಂತ್ರಿಕ ಎತ್ತಿಕೊಂಡು ಹೋಗುತ್ತಿದ್ದ. ಹಾಗಾಗಿ ಇನ್ನೊಂದು ಸೌಟು ಅಂಬಲಿ ಬೇಡ ಎನ್ನುವುದಕ್ಕೂ ಜನ ಹೊಸ್ತಿಲು ಬಿಟ್ಟು ಈಚೆಗೆ ಬರುತ್ತಿದ್ದರು. ಅತ್ತೆಯ ಜೊತೆ ಜಗಳಕ್ಕೆ ನಿಂತ ಸೊಸೆಯರಂತೂ ಮೊದಲು ತಮ್ಮ ಕಾಲೆಲ್ಲಿದೆ ಎಂದು ನೋಡಿಕೊಂಡೇ ಬಾಯಿ ತೆರೆಯುತ್ತಿದ್ದರು.

ಜಕ್ಕಲೆಗೆ ಸೋವಲೆ ಎಂಬ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಅವ್ವನ ಸೆರಗು ಬಿಡದಿದ್ದ ಹುಡುಗಿ ಹದಿನೈದು ತುಂಬಿದ ಮೇಲೆ ಅವ್ವ ಕರೆದರೆ ‘ಹೂಂ’ ಎನ್ನಲೂ ಹಿಂದೆಮುಂದೆ ನೋಡುತ್ತಿದ್ದಳು. ತಲೆ ಬಾಚಲು ಕೂರಿಸಿದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದಳು. ಜಕ್ಕಲೆಯೂ ಕಡಿಮೆಯವಳಲ್ಲ. ಮಗಳು ಬಣ್ಣ ಕಲಸಲು ಕೂತರೆ ನೀರು ಹೆಚ್ಚಾಯಿತು, ಕೋಲು ಹಿಡಿದದ್ದು ಸರಿಯಿಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆಯಾಗಿ ಪಾತ್ರೆಗಳ ಸದ್ದು ಹೆಚ್ಚಾಯಿತು.

ಒಮ್ಮೆ ಜಕ್ಕಲೆಗೆ ಜ್ವರ ಬಂದು, ಹಚ್ಚಡ ಹರವುವ ಕೆಲಸ ಮಗಳ ಪಾಲಿಗೆ ಬಂತು. ಸೋವಲೆ ಯಾರನ್ನೂ ಕೇಳದೆ ಅದರ ಒಂದು ಮೂಲೆಯನ್ನು ಎಳೆಹಸಿರಿಗೆ ಅದ್ದಿ ಹರವಿದಳು. ರಾಜ್ಯವೆಲ್ಲ ತಲೆಯೆತ್ತಿ ನೋಡಿತು. ಗಿಳಿಗಳು ದಾರಿ ತಪ್ಪಿ ಆಕಾಶದೊಳಕ್ಕೇ ಹಾರತೊಡಗಿದವು. ಜಕ್ಕಲೆ ಜ್ವರದಲ್ಲೇ ಗುಡ್ಡ ಹತ್ತಿ, ಎಲ್ಲರೂ ನೋಡುತ್ತಿದ್ದಂತೆ ಆ ಮೂಲೆಯ ಮೇಲೆ ಒಂದು ಕೊಡ ಕೆಂಪು ಸುರಿದಳು. ಮಗಳ ಮುಖ ಏನಾಯಿತೆಂದು ಅವಳು ತಿರುಗಿ ನೋಡಲಿಲ್ಲ.

ಅವಳು ಮನೆಗೆ ಬಂದರೆ ಸೋವಲೆ ಬಾಗಿಲಿಗೆ ಅಡ್ಡ ನಿಂತಿದ್ದಳು. ನಾನು ಮಾಡಿದ್ದೆಲ್ಲ ನಿನಗೆ ತಪ್ಪೇ ಎಂದು ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಜ್ವರದ ಸುಸ್ತಿಗೆ ಜಕ್ಕಲೆ ಬಾಗಿಲುವಾಡ ಹಿಡಿದುಕೊಂಡಿದ್ದಳು, ತಾನು ಹೊಸ್ತಿಲ ಮೇಲೆಯೇ ನಿಂತಿದ್ದೇನೆಂಬುದು ಅವಳಿಗೆ ಮರೆತೇಹೋಗಿತ್ತು.

“ಇಂಥ ಮಗಳು ನನಗೆ ಬೇಡ,” ಅಂದುಬಿಟ್ಟಳು.

ಹೊಸ್ತಿಲ ಕೆಳಗಿಂದ ಬೂದು ಬಣ್ಣದ ಒಂದು ಕೈ ಎದ್ದು, ಹೂ ಬಿಡಿಸಿದಷ್ಟು ಸಲೀಸಾಗಿ ಸೋವಲೆಯನ್ನು ಎತ್ತಿಕೊಂಡು ಹೋಯಿತು.

ಜಕ್ಕಲೆ ನೆಲ ಗುದ್ದಿ ಗುದ್ದಿ ಅತ್ತಳು. ಪಕ್ಕದ ಮನೆಯ ಮುದುಕಿ ಬಂದು ಅವಳ ತಲೆ ಸವರಿ ದಾರಿ ಹೇಳಿದಳು. ಮಂಜಿನ ಕಣಿವೆಯಾಚೆ ಗವಿಮಾರನ ಗವಿ. ಅಲ್ಲಿಗೆ ಹೋದವರು ಮೆಲ್ಲಮೆಲ್ಲಗೆ ಮಂಜಾಗುತ್ತಾರೆ. ಮೊದಲು ನೆರಳು ಹೋಗುತ್ತದೆ, ಆಮೇಲೆ ದನಿ, ಕಡೆಗೆ ಅವರೇ. ನಾಳೆ ಸೂರ್ಯ ಗುಡ್ಡ ಮುಟ್ಟುವುದರೊಳಗೆ ಗವಿಯಿಂದ ಬಿಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಕ್ಕಲೆ ಮುಂಜಾನೆಯೇ ಹೊರಟಳು.

ಕಣಿವೆಯ ಬಾಯಲ್ಲಿ ತೆಂಗಿನ ಮರದೆತ್ತರದ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಮಗಳ ಬಗ್ಗೆ ಏನಾದರೂ ಹೇಳು, ದಾರಿ ಬಿಡುತ್ತೇನೆ ಎಂದಿತು. ಇದೇನು ಮಹಾ ಎಂದುಕೊಂಡ ಜಕ್ಕಲೆ, ಮಗಳು ಮೊದಲ ಹೆಜ್ಜೆಯಿಟ್ಟದ್ದು, ಬೆಲ್ಲ ಕದ್ದು ಸಿಕ್ಕಿಬಿದ್ದದ್ದು ಎಲ್ಲ ಹೇಳಿದಳು. ಕೊಕ್ಕರೆ ಆಕಳಿಸಿತು. “ಅದು ಮಗುವಿನ ಸುದ್ದಿ. ನಾನು ಕೇಳಿದ್ದು ಈಗಿನವಳದ್ದು,” ಎಂದಿತು.

ಜಕ್ಕಲೆ ಬಾಯಿ ತೆರೆದಳು. ಬಂದದ್ದೆಲ್ಲ ದೂರೇ. ಅವಳು ಅಲ್ಲೇ ಕೂತು ಯೋಚಿಸಿದಳು, ಬಿಸಿಲು ಏರಿತು. ಕೊನೆಗೆ ನೆನಪಾಯಿತು. ಯಾರೂ ಇಲ್ಲವೆಂದುಕೊಂಡಾಗ ಸೋವಲೆ ಕೊಪ್ಪರಿಗೆ ತಿರುವುತ್ತಾ ಏನೋ ಗುನುಗುತ್ತಿದ್ದಳು. ಅವ್ವ ಬಂದೊಡನೆ ನಿಲ್ಲಿಸುತ್ತಿದ್ದಳು. ಜಕ್ಕಲೆ ಅದನ್ನೇ ಹೇಳಿದಳು. ಕೊಕ್ಕರೆ ಇನ್ನೊಂದು ಕಾಲನ್ನೂ ಕೆಳಗಿಟ್ಟು ಪಕ್ಕಕ್ಕೆ ಸರಿಯಿತು.

ಮುಂದೆ ಹಾಲಿನಂಥ ಮಂಜು. ಅಲ್ಲೊಂದು ಬಿಳಿ ಕರಡಿ ಬೆನ್ನು ಬಗ್ಗಿಸಿ, ಹತ್ತಿ ಕೂತುಕೋ, ದಾಟಿಸುತ್ತೇನೆ, ಆದರೆ ದಾರಿ ಹೇಳಿಕೊಡಬೇಡ ಎಂದಿತು. ಸ್ವಲ್ಪ ದೂರ ಹೋಗುವುದರಲ್ಲಿ ಜಕ್ಕಲೆ, ಎಡಕ್ಕೆ ಹೋದರೆ ಹತ್ತಿರವಲ್ಲವೇ ಎಂದಳು. ಕರಡಿ ತೆಪ್ಪಗೆ ತಿರುಗಿ ಹೊರಟ ಜಾಗಕ್ಕೇ ತಂದು ಇಳಿಸಿತು. ಎರಡನೆಯ ಸಲ, ಕಲ್ಲಿದೆ ನೋಡಿಕೊಂಡು ಹೋಗು ಎಂದಳು. ಮತ್ತೆ ಅದೇ ಕತೆ. ಮೂರನೆಯ ಸಲ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಳು. ಕರಡಿ ಸುತ್ತಿ ಬಳಸಿ ನಡೆಯಿತು, ಕಂಡ ಪೊದೆಗೆಲ್ಲ ನಿಂತು ಹಣ್ಣು ತಿಂದಿತು. ಜೇನು ಬಣ್ಣದ ಹುಲ್ಲಿನಲ್ಲಿ ನಿದ್ದೆ ಹೋದ ಜಿಂಕೆಗಳನ್ನು ಜಕ್ಕಲೆ ಕಂಡಳು, ನೀರಿಲ್ಲದೆ ಹರಿಯುವ ಹೊಳೆಯನ್ನು ಕಂಡಳು. ಗವಿ ಬಂತು.

ಒಳಗೆ ಗವಿಮಾರ ಚಾಪೆಯ ಮೇಲೆ ಕೂತು, ಜನ ಬೇಡವೆಂದ ಅಂಬಲಿ ಕುಡಿಯುತ್ತಿದ್ದ. “ನೀವು ಬಿಸಾಡಿದ್ದನ್ನೇ ನಾನು ಜೋಪಾನ ಮಾಡೋದು ತಾಯಿ. ನಿನಗೆ ಬೇಕಾದವಳನ್ನ ಆರಿಸಿಕೋ,” ಎಂದು ಚಪ್ಪಾಳೆ ತಟ್ಟಿದ. ಮೂವರು ಸೋವಲೆಯರು ಬಂದು ನಿಂತರು.

ಮೊದಲನೆಯವಳು ನಕ್ಕು, ಅವ್ವಾ, ನೀನು ಹೇಳಿದ್ದೇ ಸರಿ ಎಂದಳು. ಆ ಮಾತನ್ನು ಕೇಳಬೇಕೆಂದು ಜಕ್ಕಲೆ ವರ್ಷದಿಂದ ಕಾದಿದ್ದಳು. ಅವಳ ಕಾಲು ತಾನಾಗಿ ಒಂದು ಹೆಜ್ಜೆ ಮುಂದಾಯಿತು. ಎರಡನೆಯವಳು ಅಳುತ್ತಾ ಕಾಲಿಗೆ ಬಿದ್ದಳು. ಮೂರನೆಯವಳು ಬೆನ್ನು ತಿರುಗಿಸಿ ನಿಂತು ಉಗುರು ಕಚ್ಚುತ್ತಿದ್ದಳು. ಅವಳಿಗೆ ನೆರಳಿರಲಿಲ್ಲ. ಜಡೆಯ ತುದಿ ಆಗಲೇ ಮಂಜಾಗುತ್ತಿತ್ತು.

ಜಕ್ಕಲೆ ಮೂರನೆಯವಳ ಹತ್ತಿರ ಹೋದಳು. ಉಳಿದಿಬ್ಬರು ಹೊಗೆಯಾಗಿ ಹೋದರು. ಗವಿಮಾರ ಮಾತ್ರ ನಗುತ್ತಲೇ ಇದ್ದ. ಅವಳು ತಾನಾಗಿ ಬರಬೇಕಲ್ಲ ಎಂದ.

“ನಾನು ಬರಲ್ಲ. ಬೇಡ ಅಂದೋಳು ನೀನು,” ಎಂದಳು ಸೋವಲೆ. ದನಿ ನೂಲಿನಷ್ಟು ತೆಳ್ಳಗಿತ್ತು.

ಎಳೆದುಕೊಂಡು ಹೋಗೋಣವೆಂದು ಜಕ್ಕಲೆಯ ಕೈ ಮುಂದಾಯಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು, ಅಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿದಳು. “ಯಾಕೆ ಹಸಿರು ಹಾಕಿದೆ ಸೋವೀ?”

“ಚೆಂದ ಕಾಣಿಸ್ತು. ಅದಕ್ಕೆ.”

ಹೊರಗೆ ಸೂರ್ಯ ಇಳಿಯುತ್ತಿದ್ದ. ನನಗೂ ಚೆಂದ ಕಂಡಿತು ಎಂದುಬಿಟ್ಟರೆ ಸುಲಭವಾಗಿತ್ತು, ಆದರೆ ಆ ಹುಡುಗಿಯ ಎದುರು ಸುಳ್ಳು ಹೇಳಲು ಜಕ್ಕಲೆಗೆ ಮನಸ್ಸಾಗಲಿಲ್ಲ.

“ನನಗೆ ಚೆಂದ ಕಾಣಲಿಲ್ಲ ಕಣೇ, ಈಗಲೂ ಕಾಣಲ್ಲ,” ಎಂದಳು. “ಆದ್ರೆ ಅಷ್ಟು ಜನರ ಮುಂದೆ ಅದನ್ನ ಅಳಿಸಬಾರದಿತ್ತು. ನನ್ನ ಮಾತು ಕೇಳದೆ ಇದ್ರೂ ನೀನು ಬೇಕು. ಹೀಗೇ ಬೇಕು.”

ಸೋವಲೆ ತಿರುಗಿದಳು. ಸುಳ್ಳು ಹೇಳಬಹುದಿತ್ತಲ್ಲ ಎಂದಳು. ಹೇಳಿದ್ದರೆ ನಿನಗೆ ಗೊತ್ತಾಗುತ್ತಿತ್ತು ಎಂದಳು ಜಕ್ಕಲೆ. ಹುಡುಗಿಯ ತುಟಿಯ ಕೊನೆಯಲ್ಲಿ ನಗು ಬಂದು, ಹೋಗಿ, ಮತ್ತೆ ಬಂತು. ಅವಳ ಕಾಲಬುಡದಲ್ಲಿ ನೆರಳು ಬಿತ್ತು.

ಗವಿಮಾರನ ಕೈಯಿಂದ ಬಟ್ಟಲು ಜಾರಿತು. ಬಿಸಾಡಿದ್ದನ್ನು ಕೇಳಿಕೊಂಡು ಅಲ್ಲಿಯವರೆಗೆ ಯಾರೂ ಬಂದಿರಲಿಲ್ಲ. ಗವಿ ಬಿರಿಯಿತು, ಅವನು ಸಣ್ಣ ಸೋನೆಯಾಗಿ ಕಲ್ಲಿನ ಸಂದಿಗಿಳಿದು ಹೋದ. ಒಳಗಿನ ಮಂಜು ಮತ್ತೆ ಮೈತಳೆದು, ಒಂದು ಕುಂಟು ಮೇಕೆ, ಇಬ್ಬರು ಅಳಿಯಂದಿರು, ಎಲೆಯಡಿಕೆ ಚೀಲ ಹಿಡಿದ ಒಬ್ಬಳು ಅತ್ತೆ ಕಣ್ಣುಜ್ಜಿಕೊಳ್ಳುತ್ತಾ ಹೊರಬಂದು ತಮ್ಮ ತಮ್ಮ ಮನೆಯ ಕಡೆ ನಡೆದರು.

ಅಂದು ಸಂಜೆ ತಡವಾಯಿತು. ಮಾಡುವವರು ದಾರಿಯಲ್ಲಿದ್ದರಲ್ಲ, ಸೂರ್ಯ ಗುಡ್ಡದ ಮೇಲೆ ಕೂತು ಕಾದ. ಸೋವಲೆ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು. ಜಕ್ಕಲೆ ಅವಳನ್ನು ಕೂಗಿ ನಿಲ್ಲಿಸಲಿಲ್ಲ. ದಾರಿ ಅಗಲವಾದ ಕಡೆ ಹುಡುಗಿ ತಾನೇ ನಿಂತು, ಎತ್ತಲೋ ನೋಡುತ್ತಾ ಹೇಳಿದಳು.

“ಅವ್ವಾ, ಹಸಿವು.”

ಆಮೇಲೆ ಅವರಿಬ್ಬರೂ ಜಗಳವಾಡಿದರು, ಮುನಿಸಿಕೊಂಡರು, ಒಂದೇ ಹೊತ್ತಿಗೆ ಉಂಡರು. ಆ ನಾಡಿನವರೆಲ್ಲ ಬಹುಕಾಲ ನೆಮ್ಮದಿಯಾಗಿ ಬಾಳಿದರು. ಕತೆ ಕೇಳಿದ ನಿಮ್ಮ ಮನೆಯವರೂ ಹಾಗೆಯೇ ಬಾಳಲಿ.