ಕಪ್ಪೆರಾಯನ ಜೀರುಂಡೆಗಳು

"ದೊಡ್ಡಮ್ಮ, ನನ್ನ ಜೀರುಂಡೆಗಳನ್ನೆಲ್ಲ ಯಾರೋ ಬಿಟ್ಟುಬಿಟ್ಟಿದ್ದಾರೆ."

ಕೆಳಗಿನ ಮನೆಯ ಯುವಕ ಹೀಗೆಂದಾಗ ದೊಡ್ಡಮ್ಮ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚುತ್ತಿದ್ದರು. ಗಡಿಯಾರ ರಿಪೇರಿ ಅವರ ಕಸುಬು. ಬೇರೆಯವರ ಮನೆಯ ಗುಟ್ಟು ಬಿಚ್ಚುವುದು ಅಭ್ಯಾಸ.

"ಯಾರ ಮೇಲೆ ಅನುಮಾನ?"

"ಅತ್ತಿಗೆ. ಇನ್ಯಾರು?"

ನಾವು ಅವನನ್ನು ಕಪ್ಪೆರಾಯ ಎನ್ನುತ್ತಿದ್ದೆವು. ಎರಡು ಹಸಿರು ಕಪ್ಪೆ ಸಾಕಿದ್ದ. ಅವು ಓಡಾಡುವ ಹುಳುಗಳನ್ನು ಮಾತ್ರ ತಿನ್ನುತ್ತಿದ್ದುದರಿಂದ ಜೀರುಂಡೆಗಳನ್ನೂ ಸಾಕಬೇಕಾಯಿತು. ನಮ್ಮಜ್ಜಿಯ ಕತೆಗಳಲ್ಲಿ ರಾಕ್ಷಸನ ಪ್ರಾಣ ಪಂಜರದ ಗಿಳಿಯಲ್ಲಿರುತ್ತಿತ್ತು. ಇವನದು ಪ್ಲಾಸ್ಟಿಕ್ ಡಬ್ಬದಲ್ಲಿತ್ತು.

"ಸಂಜೆ ರೈಲು, ದೊಡ್ಡಮ್ಮ. ಹೊಸ ಕೆಲಸ. ಹುಳುಗಳಿಲ್ಲದೆ ಕಪ್ಪೆಗಳನ್ನ ಹೇಗೆ ಕರ್ಕೊಂಡ್ ಹೋಗ್ಲಿ? ನಾಳೆ ಹಾಜರಾಗದಿದ್ರೆ ಕೆಲಸ ಬೇರೆಯವರ ಪಾಲು."

ದೊಡ್ಡಮ್ಮನೂ ನಾನೂ ಅವರ ಮನೆಗೆ ಇಳಿದೆವು. ಹುಳು ಹೊರಗೆ ಹೋಗದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಉಸಿರು ಕಟ್ಟುವಂತಿತ್ತು. ಅತ್ತಿಗೆಯ ಹೊಲಿಗೆ ಯಂತ್ರಕ್ಕೂ ಗೋಡೆಗೂ ನಡುವೆ, ಮೊಣಕಾಲೆತ್ತರದ ನುಣ್ಣನೆಯ ಡಬ್ಬ. ಒಳಗೆ ಜೀರುಂಡೆಗಳು ಅಡಗಲೆಂದು ಹಾಸಿದ್ದ ರಟ್ಟಿನ ಮೊಟ್ಟೆ ಟ್ರೇಗಳು, ಕಚ್ಚಿ ಕಚ್ಚಿ ಜರಡಿಯಾದಂಥವು. ಅವುಗಳ ಮೇಲೆ ಒಂದು ಟ್ರೇ ಮಾತ್ರ ಡಬ್ಬದ ಅಂಚಿಗೆ ಒರಗಿ ನಿಂತಿತ್ತು. ಅದಕ್ಕೊಂದು ಕಲೆಯೂ ಇರಲಿಲ್ಲ.

"ಇಸ್ತ್ರಿಪೆಟ್ಟಿಗೆ ಯಾಕೆ ನೆಲದ ಮೇಲಿದೆ?" ದೊಡ್ಡಮ್ಮ ಕೇಳಿದರು.

"ಮಲಗೋ ಮುಂಚೆ ಮುಚ್ಚಳದ ಮೇಲೆ ಇಡ್ತೀನಿ," ಎಂದರು ಅತ್ತಿಗೆ. "ಮುಚ್ಚಳ ಸ್ವಲ್ಪ ಸರಿದ್ರೂ ಎಲ್ಲ ಮೈಮೇಲೆ ಹಾರುತ್ವೆ ಅಂತ ಭಯ. ಬೆಳಿಗ್ಗೆ ನೋಡಿದ್ರೆ ಯಾರೋ ಇಳಿಸಿದ್ರು."

"ಅವು ನುಣುಪು ಗೋಡೆ ಹತ್ತಲ್ಲ ಅಂತ ಬಡ್ಕೊಂಡ್ರೂ ಇವಳ ತಲೆಗೆ ಹೋಗಲ್ಲ," ಎಂದು ಕಪ್ಪೆರಾಯನ ಅಮ್ಮ ಮೂತಿ ತಿರುವಿದರು. "ಬಟ್ಟೆ ಹೊಲಿಯೋ ತಲೆ."

ಅತ್ತಿಗೆ ಚಹಾ ಮಾಡಲೆಂದು ಎದ್ದರು. "ನನ್ನ ಅಡುಗೆಮನೆಗೆ ನೀನು ಕಾಲಿಡಬೇಡ," ಎಂದು ಅಮ್ಮನೇ ಹೋದರು. ನಾನು ಲೋಟ ತರಲು ಹಿಂದೆ ಹೋದೆ. ಮೊಟ್ಟೆಗಳು ಒಂದು ಪಾತ್ರೆಯಲ್ಲಿ ಒತ್ತೊತ್ತಾಗಿ ಕುಳಿತಿದ್ದವು. ದೊಡ್ಡಮ್ಮನಿಗೆ ಪಿಸುಗುಟ್ಟಿದೆ. ಅವರು ಚಹಾ ಮುಗಿಸಿ ಎಲ್ಲರನ್ನೂ ಕೂರಿಸಿದರು.

"ಬರೀ ಮುಚ್ಚಳ ತೆಗೆದ್ರೆ ಹುಳುಗಳು ಹೊರಗೆ ಬರಲ್ಲ. ಯಾರೋ ಆ ಟ್ರೇನ ಏಣಿ ಹಾಗೆ ಇಟ್ಟಿದ್ದಾರೆ. ಮುಚ್ಚಳ ಸರಿದ್ರೆ ಸಾಕು, ಹಾರುತ್ವೆ ಅಂತ ನಂಬಿರೋ ಸೊಸೆ ಏಣಿ ಯಾಕೆ ಇಡ್ತಾಳೆ? ಕಪ್ಪೆರಾಯನೇ ಬಿಟ್ಟಿದ್ರೆ ಒಳಗಿದ್ದ ಹಳೇ ಟ್ರೇನೇ ಎತ್ತಿ ನಿಲ್ಲಿಸ್ತಿದ್ದ. ಹುಳು ಮುಟ್ಟೋಕೆ ಹೇಸಿಗೆ ಇರೋರು ಹೊಸ ಟ್ರೇ ತಂದಿದ್ದಾರೆ. ಅದರ ಮೊಟ್ಟೆಗಳು ಅಡುಗೆಮನೆ ಪಾತ್ರೆಯಲ್ಲಿವೆ. ಆ ಅಡುಗೆಮನೆಯಲ್ಲಿ ಕೈಯಾಡಿಸೋರು ಒಬ್ಬರೇ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ದೊಡ್ಡವನ ಹಾಗೆ ಇವನೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ?"

"ಬೈಯೋಕೆ ನಾನಿರ್ತೀನಲ್ಲ ಅತ್ತೆ," ಎಂದರು ಅತ್ತಿಗೆ.

ಯಾರೂ ನಗಲಿಲ್ಲ.

ಕಪ್ಪೆರಾಯನ ಮುಖದಲ್ಲಿ ಬಿಡುಗಡೆ ಕಾಣುತ್ತದೆಂದು ನಾನು ಕಾದೆ. ಅವನು ಇನ್ನಷ್ಟು ಕುಗ್ಗಿದ. ದೊಡ್ಡಮ್ಮ ಅವನತ್ತ ತಿರುಗಿದರು.

"ಇನ್ನೊಂದು ಮಾತು. ಬೆಳೆದ ಕಪ್ಪೆ ಮೂರ್ನಾಲ್ಕು ದಿನ ಹಸಿದಿದ್ರೆ ಏನಾಗುತ್ತೆ?"

"ಏನೂ ಆಗಲ್ಲ," ಎಂದ, ನೆಲ ನೋಡುತ್ತ.

"ಹುಳುಗಳು ಇಲ್ಲಿ ಮಾತ್ರ ಸಿಗ್ತಾವಾ?"

"ಎಲ್ಲ ಕಡೆ ಸಿಗ್ತಾವೆ."

"ಹಾಗಾದ್ರೆ ನಿನ್ನ ಹಿಡ್ಕೊಂಡಿರೋದು ಯಾರಪ್ಪ?"

ಅತ್ತಿಗೆ ಎದ್ದು ಅವನ ಚೀಲವನ್ನು ತೆಗೆದುಕೊಂಡು ಹೋಗಿ ಹೊಸ್ತಿಲ ಆಚೆ ಇಟ್ಟರು. ದೊಡ್ಡಮ್ಮ ಮತ್ತು ನಾನು ಅದನ್ನು ದಾಟಿ ಮೆಟ್ಟಿಲ ಬಳಿ ನಿಂತೆವು. ರೈಲಿಗೆ ಇನ್ನೂ ಸಮಯವಿತ್ತು.

"ಚೀಲ ಒಳಗಿಡಪ್ಪ," ಒಳಗಿನಿಂದ ಅಮ್ಮನ ದನಿ ಬಂತು, ತುಂಬ ಮೆತ್ತಗೆ. "ಯಾರಾದ್ರೂ ಎಡವಿ ಬಿದ್ದಾರು."

ಅವನು ಹೊರಗೆ ಬಂದ. ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ. ನಾನು ಸರಿದು ದಾರಿ ಬಿಟ್ಟೆ.

"ತುಂಬ ಉಪಕಾರ ಆಯ್ತು ದೊಡ್ಡಮ್ಮ," ಎಂದು ಹೇಳಿ ಒಳಗೆ ಹೋಗಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡ.