ಅವ್ವನ ಮುಚ್ಚಿದ ಕಣ್ಣು

"ಈ ಕಣ್ಣು ಬರೆದೋರು ಯಾರು?"

ಛತ್ರದ ಹಜಾರದಲ್ಲಿ ಅಷ್ಟು ಹೊತ್ತೂ ಇದ್ದ ಗದ್ದಲ ಒಮ್ಮೆಗೇ ನಿಂತಿತು. ಸೇವಂತಿಗೆ ಹಾರ ಹಿಡಿದುಕೊಂಡು ಬರುತ್ತಿದ್ದ ಸಿದ್ದಗಂಗಮ್ಮ ಅಲ್ಲೇ ನಿಂತಳು.

ಗೋಡೆಯ ಮುಂದೆ ಒಬ್ಬ ಯುವಕ. ಹೆಗಲಲ್ಲಿ ಕ್ಯಾಮೆರಾ ಬ್ಯಾಗು, ಕಾಲಿನ ತುಂಬ ಬಸ್‌ಸ್ಟ್ಯಾಂಡಿನ ಧೂಳು. ಅವನ ಬೆರಳು ನೆಟ್ಟಿದ್ದು ಅವಳೇ ಎರಡು ದಿನ ಕೂತು ಕೆಲಸ ಮಾಡಿದ ದೊಡ್ಡ ಫೋಟೋದ ಮೇಲೆ. ಕೈಯಲ್ಲಿದ್ದ ಹಾರವೂ ಅದಕ್ಕೇ ತಂದದ್ದು.

'ಅಯ್ಯೋ... ಹಿಡಿಸಲಿಲ್ಲವೇನೋ!'

"ನಾನು ಬರೆದದ್ದು," ಎಂದಳು ಮೆಲ್ಲಗೆ.

"ನೀವಾ? ಬರೀರಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ... ತೀರ್ಕೊಂಡೋರು ಅನ್ಕೊಂಡೆ. ಅದಕ್ಕೇ..."

"ತೀರ್ಕೊಂಡೋರಾ?" ಅವನು ಒಂದು ಹೆಜ್ಜೆ ಮುಂದೆ ಬಂದ. "ನಮ್ಮವ್ವ ಕಣ್ರೀ ಅದು! ಬದುಕವ್ಳೆ! ಬೆಳಿಗ್ಗೆ ಅವಳ ಕೈಲಿ ಮುದ್ದೆ ಉಂಡು ಬಸ್ ಹತ್ತಿದೀನಿ!"

ಸಿದ್ದಗಂಗಮ್ಮ ಹಾರವನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡಳು. ಆದರೆ ಅವನು ನೋಡಿಬಿಟ್ಟಿದ್ದ.

ಅದು ೧೯೭೯ರ ಫೆಬ್ರವರಿ. ಫೋಟೋ ತೆಗೆಯುವವರು, ಚಿತ್ರ ಬರೆಯುವವರು ಎಲ್ಲ ಸೇರಿ ತುಮಕೂರಿನಲ್ಲಿ ಮೂರು ದಿನದ ಪ್ರದರ್ಶನ ಇಟ್ಟಿದ್ದರು. ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು ಅನಂತರಾಮಯ್ಯನವರು ಮನೆಮನೆ ಅಲೆದು ಚಿತ್ರ ಕೂಡಿಸಿದ್ದರು. ಗುಬ್ಬಿಯ ಬೋರ್ಡ್ ಬರೆಯುವ ಅಣ್ಣಯ್ಯಪ್ಪ ಸಂತೆಯ ತೆಂಗಿನಕಾಯಿ ರಾಶಿಗಳನ್ನು ಬರೆದು ತಂದಿದ್ದ. ಅಂಗಡಿ ಬೋರ್ಡು ಬಿಟ್ಟು ತನ್ನ ಖುಷಿಗೆ ಒಂದು ಗೆರೆ ಎಳೆದದ್ದು ಅದೇ ಮೊದಲಂತೆ, ಪಾಪ.

ಸಿದ್ದಗಂಗಮ್ಮನದು ಬೇರೆ ಕೆಲಸ. ಶೆಟ್ಟಿಹಳ್ಳಿಯ ಮನೆಯಲ್ಲೇ ಕೂತು ಸ್ಟುಡಿಯೋದವರ ಫೋಟೋಗಳಿಗೆ ಟಚಿಂಗ್ ಮಾಡುತ್ತಿದ್ದಳು. ಬಿಳಿ ಚುಕ್ಕೆ ಮುಚ್ಚುವುದು, ಸೀರೆಯಂಚಿಗೆ ಬಣ್ಣ ಕೊಡುವುದು... ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ತೆರೆಸುವುದು.

ಆ ಕಾಲದಲ್ಲಿ ಎಷ್ಟೋ ಜನ ಬದುಕಿದ್ದಾಗ ಒಂದು ಫೋಟೋ ತೆಗೆಸುತ್ತಿರಲಿಲ್ಲ. ಉಸಿರು ನಿಂತ ಮೇಲೆ ಮನೆಯವರು ಸ್ಟುಡಿಯೋಗೆ ಓಡುತ್ತಿದ್ದರು. ಹೋದವರಿಗೆ ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿ ಫೋಟೋ ತೆಗೆಯುವುದು. ಆಮೇಲೆ ಮುಚ್ಚಿದ ರೆಪ್ಪೆಯ ಮೇಲೆ ಟಚಿಂಗಿನವರು ತೆರೆದ ಕಣ್ಣು ಬರೆದುಕೊಡಬೇಕು. ಕಟ್ಟು ಹಾಕಿಸಿ ನಡುಮನೆಗೆ ತೂಗುಹಾಕಿದರೆ, ಸತ್ತವರು ಮಕ್ಕಳನ್ನು ನೋಡುತ್ತಲೇ ಇರುತ್ತಾರೆ.

ಸಿದ್ದಗಂಗಮ್ಮನ ಅವ್ವ ಹೋದಾಗ ಅದೂ ಆಗಿರಲಿಲ್ಲ. ಅವ್ವನ ಒಂದೇ ಒಂದು ಫೋಟೋ ಅವರ ಮನೆಯಲ್ಲಿಲ್ಲ. ಅದಕ್ಕೇ ಇರಬೇಕು, ಬೇರೆಯವರ ತಾಯಂದಿರಿಗೆ ಕಣ್ಣು ಬರೆಯುವಾಗ ಅವಳ ಕೈ ಅಷ್ಟು ಹುಷಾರು.

ಹೋದ ವಾರ ಪ್ರದರ್ಶನದ ಫೋಟೋಗಳ ಕಟ್ಟನ್ನು ಅನಂತರಾಮಯ್ಯನವರೇ ತಂದುಕೊಟ್ಟು, "ಚುಕ್ಕೆಗಿಕ್ಕೆ ಇದ್ರೆ ಸರಿಮಾಡಮ್ಮ" ಎಂದಿದ್ದರು. ಅದರಲ್ಲಿತ್ತು ಈ ಫೋಟೋ. ಗೋಡೆಗೆ ಒರಗಿ ಕೂತ ಹೆಂಗಸು, ಹೊಸ ಸೀರೆ, ಮುಖದಲ್ಲಿ ಸಿಡುಬಿನ ಕಲೆ, ಮುಚ್ಚಿದ ಕಣ್ಣು. ಹಿಂದೆ 'ಅವ್ವ' ಎಂಬ ಎರಡಕ್ಷರ, ಕೆಳಗೆ 'ಅಂಜಿನಪ್ಪ, ಕುಣಿಗಲ್'.

ಕಣ್ಣು ತೆರೆಸಿ ಎಂಬ ಚೀಟಿ ಇರಲಿಲ್ಲ. ಕೇಳಬೇಕಿತ್ತು. ಕೇಳಲಿಲ್ಲ.

ಏಕೆಂದರೆ ಅಂಜಿನಪ್ಪ ಅವಳಿಗೆ ಹೊಸಬನಲ್ಲ. ಒಂದೂವರೆ ವರ್ಷದಿಂದ ಪ್ರತಿ ಗುರುವಾರ ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಲಿ ಅವನ ಸ್ಟುಡಿಯೋದ ಕವರು ಬರುತ್ತಿತ್ತು. ಜೊತೆಗೊಂದು ಚೀಟಿ. 'ಅಜ್ಜನ ಹಣೆ ಗಾಯ ತೆಗೀಬೇಡಿ. ಅದು ಇಲ್ಲದಿದ್ರೆ ಅಜ್ಜ ಅಲ್ಲ.' ಇಂಥ ಮಾತು ಬರೆಯುವವನು ಹೇಗಿರಬಹುದು ಎಂದು ಅವಳು ಯೋಚಿಸಿದ್ದುಂಟು. ಗುರುವಾರ ಬಂತೆಂದರೆ ತಲೆ ಬಾಚಿಕೊಂಡು ಕೂರುತ್ತಿದ್ದಳು, ಬರುವುದು ಬರೀ ಕವರಾದರೂ!

ಆ ಅಂಜಿನಪ್ಪನ ತಾಯಿ ಹೋಗಿಬಿಟ್ಟರಲ್ಲ ಎಂದು ಅವಳು ಅತ್ತಿದ್ದಳು. ಸಿಡುಬಿನ ಒಂದು ಕಲೆಯನ್ನೂ ಮುಟ್ಟದೆ, ಕಣ್ಣು ಮಾತ್ರ ಬರೆದಿದ್ದಳು. ತನಗೆ ನೆನಪಿದ್ದ ಅತ್ಯಂತ ಒಳ್ಳೆಯ ಕಣ್ಣನ್ನು... ತನ್ನ ಅವ್ವನ ಕಣ್ಣನ್ನು.

"ಅವ್ವ ನಾಕು ವರ್ಷದೋಳಿದ್ದಾಗ ಸಿಡುಬಾಗಿ ಕಣ್ಣು ಹೋಯ್ತು," ಅಂಜಿನಪ್ಪ ಈಗ ಅನಂತರಾಮಯ್ಯನವರಿಗೆ ಹೇಳುತ್ತಿದ್ದ. "ನಮ್ಮನೇಲಿ ಮೂರು ಫೋಟೋ ಅವೆ ಮೇಷ್ಟ್ರೇ. ಮೂರಕ್ಕೂ ಯಾರೋ ಕಣ್ಣು ಬರೆದವ್ರೆ. ಈ ಸಲ ಅವ್ವಾನೇ ಅಂದ್ಲು, 'ಒಂದು ಸಲನಾದ್ರೂ ನಾನಿದ್ದಂಗೆ ತೆಗಿಯೋ' ಅಂತ. ನಾಳೆ ಬತ್ತಾಳೆ. ಅದರ ಪಕ್ಕ ನಿಂತ್ಕೋಬೇಕಂತೆ. ಜನ ಏನಂತಾರೋ ಕೇಳ್ಬೇಕಂತೆ..."

ಇನ್ನೊಂದು ಪ್ರಿಂಟು ಹಾಕಿಸಲು ಹೊತ್ತೇ ಇರಲಿಲ್ಲ. ಅಷ್ಟು ದೊಡ್ಡ ಪ್ರಿಂಟು ಹಾಕುವುದು ಬೆಂಗಳೂರಿನಲ್ಲಿ, ಅದಕ್ಕೆ ಒಂದು ವಾರ ಬೇಕು. ತಾಯಿ ಬರುವುದು ನಾಳೆ.

"ನಾನು ತೆಗೀತೀನಿ," ಎಂದಳು ಸಿದ್ದಗಂಗಮ್ಮ.

"ಏನು?"

"ಆ ಕಣ್ಣು. ನೀರಲ್ಲಿ ಕಲೆಸಿದ ಬಣ್ಣ, ಬಿಟ್ಕೊಂಡು ಬರಬಹುದು. ಆದ್ರೆ ಒದ್ದೆಯಾದ್ರೆ ಫೋಟೋ ಮೇಲ್ಪದರ ಮೆತ್ತಗಾಗುತ್ತೆ. ಒಂಚೂರು ಒತ್ತಿದ್ರೂ ಕಿತ್ಕೊಂಡು ಬರುತ್ತೆ... ನಂಬ್ತೀರಾ?"

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ಗೋಡೆಯಿಂದ ಫೋಟೋ ಇಳಿಸಿ, ಕಟ್ಟು ಬಿಚ್ಚಿ ಮೇಜಿನ ಮೇಲಿಟ್ಟ.

ಛತ್ರದ ಹಿಂದಿನ ವರಾಂಡದಲ್ಲಿ ಮಧ್ಯಾಹ್ನವೆಲ್ಲ ಅದೇ ಕೆಲಸ. ಹತ್ತಿಯನ್ನು ನೀರಿಗದ್ದಿ, ಹಿಂಡಿ, ರೆಪ್ಪೆಯ ಮೇಲಿಟ್ಟು ಎತ್ತುವುದು. ಉಜ್ಜುವ ಹಾಗಿಲ್ಲ. ಅವಳು ಒಂದೊಂದು ಸಲ ಎತ್ತಿದಾಗಲೂ ಎದುರು ಕೂತಿದ್ದ ಅಂಜಿನಪ್ಪ ಉಸಿರು ಬಿಗಿಹಿಡಿಯುತ್ತಿದ್ದ.

ಎಡಗಣ್ಣು ಪೂರ್ತಿ ಹೋಯಿತು. ಅದರಡಿ ಶಾಂತವಾಗಿ ಮುಚ್ಚಿದ ರೆಪ್ಪೆ ಮತ್ತೆ ಕಾಣಿಸಿತು. ಈಗ ನೋಡಿದರೆ ಎಷ್ಟು ಸ್ಪಷ್ಟ! ಹೆಂಗಸಿನ ತುಟಿಯಂಚಿನಲ್ಲಿ ನಗುವಿತ್ತು. ಕೈ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಸತ್ತವರ ಕೈ ಹೀಗಿರುವುದಿಲ್ಲ. ಎಷ್ಟೋ ಸತ್ತವರ ಕೈ ನೋಡಿದ ಅವಳಿಗೆ ಇದೊಂದು ಹೇಗೆ ಕಾಣಲಿಲ್ಲ?

"ಚೀಟಿಗೆ ಉತ್ತರ ಬರೀತಿದ್ದೋರು ನೀವೇನಾ?" ಅಂಜಿನಪ್ಪ ಇದ್ದಕ್ಕಿದ್ದಂತೆ ಕೇಳಿದ. "'ಗಾಯ ಹಾಗೇ ಬಿಟ್ಟಿದೀನಿ, ಅಜ್ಜನಿಗೆ ಚೆನ್ನಾಗಿ ಒಪ್ಪುತ್ತೆ' ಅಂತ?"

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣು ಮಂಜಾಯಿತು. ಬೆರಳು ಒಂದೇ ಒಂದು ಕ್ಷಣ ಹೆಚ್ಚು ಒತ್ತಿತು.

ಬಲಗಣ್ಣಿನ ರೆಪ್ಪೆಯ ಮೇಲೆ ಉಗುರಿನಷ್ಟು ಜಾಗ ಸುಲಿದು ಬಂದು, ಬಿಳಿಯ ಕಾಗದ ಕಂಡಿತು.

"ಅಯ್ಯೋ!"

ಸ್ವಲ್ಪ ಹೊತ್ತಿನ ಮೇಲೆ ಅವಳು ನಡುಗುವ ಕೈಯಲ್ಲಿ ಬ್ರಷ್ ತೆಗೆದುಕೊಂಡಳು. "ಬೂದು ಬಣ್ಣ ಕೊಟ್ರೆ ಮುಚ್ಚಿಹೋಗುತ್ತೆ..."

"ಬೇಡ," ಎಂದ ಅವನು. "ಇನ್ನು ಬಣ್ಣ ಬೇಡ. ಸಾಕು."

ಆ 'ಸಾಕು' ಅವಳ ಎದೆಗೇ ನಾಟಿತು. 'ನನ್ನ ಕೈ ಇನ್ನು ಮುಟ್ಟುವುದೇ ಬೇಡ ಅಂತ. ಸರಿಯೇ ಇದೆ. ಎರಡೆರಡು ಸಲ ಹಾಳುಮಾಡಿದವಳು ನಾನು!'

ಸುಲಿದ ಬಿಳಿ ಗುರುತಿನೊಂದಿಗೇ ಫೋಟೋ ಮತ್ತೆ ಗೋಡೆಗೇರಿತು. ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಅಂಜಿನಪ್ಪನ ತಾಯಿ ಹನುಮಂತಮ್ಮ ಮಗನ ತೋಳು ಹಿಡಿದು ಬಂದರು. ಅವನು ಒಂದೊಂದು ಚಿತ್ರದ ಮುಂದೆಯೂ ನಿಂತು, ಅವರ ಕಿವಿಯ ಹತ್ತಿರ ಬಾಗಿ ಅದರಲ್ಲೇನಿದೆ ಎಂದು ಹೇಳುತ್ತಿದ್ದ. ಅಣ್ಣಯ್ಯಪ್ಪನ ಸಂತೆ ಕೇಳಿ ಅವರು ನಕ್ಕರು. "ಕಾಯಿ ಚಿಕ್ಕವಾ, ದಪ್ಪವಾ ಕೇಳೋ!"

ಕಂಬದ ಮರೆಯಲ್ಲಿದ್ದ ಸಿದ್ದಗಂಗಮ್ಮನಿಗೆ ತಪ್ಪಿಸಿಕೊಂಡು ಹೋಗಿಬಿಡೋಣ ಅನ್ನಿಸಿತು. ಮಗ ಹೇಗಿದ್ದರೂ ಹೇಳುತ್ತಾನೆ. ಆದರೆ ಅವನ ಬಾಯಿಂದ ಆ ತಾಯಿ ಅದನ್ನು ಕೇಳಬಾರದು. ಅವಳೇ ಮುಂದೆ ಬಂದಳು.

"ಅಮ್ಮಾ, ನನ್ನ ಹೆಸರು ಸಿದ್ದಗಂಗಮ್ಮ. ನಿಮ್ಮ ಫೋಟೋ ಹಾಳುಮಾಡಿದ್ದು ನಾನು." ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಹಾರ ತಂದದ್ದನ್ನೂ ಬಿಡಲಿಲ್ಲ.

ಹನುಮಂತಮ್ಮನ ಮುಖ ಗಂಭೀರವಾಯಿತು.

"ಬದುಕಿರೋಳ್ನ ಸಾಯಿಸ್ಬುಟ್ಯಲ್ಲೇ! ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಕೇಳ್ಬೇಕಿತ್ತು ಅಮ್ಮಾ. ತಪ್ಪಾಯ್ತು."

"ಕಣ್ಣು ಮುಚ್ಚಿದ್ರೆ ಸತ್ತೋರು ಅಂತ ತಾನೆ ಎಲ್ರೂ ಅನ್ಕೊಳೋದು. ಅಂಗಲ್ಲ ಅಂತ ತೋರ್ಸಾಕೇ ಇದನ್ನ ತೆಗ್ಸಿದ್ದು ನಾನು." ಕೈ ಚಾಚಿ ಅವಳ ಮಣಿಕಟ್ಟು ಹುಡುಕಿ ಹಿಡಿದರು. "ಯಾರ ಕಣ್ಣಿಟ್ಟಿದ್ದೆ ನಂಗೆ?"

"ನಮ್ಮವ್ವಂದು."

"ಅವಳಿಲ್ವಾ?"

"ಇಲ್ಲ. ಫೋಟೋನೂ ಇಲ್ಲ."

ಹನುಮಂತಮ್ಮ ಹಿಡಿದ ಕೈ ಬಿಡಲಿಲ್ಲ. ಸುತ್ತ ಜನ ಸೇರಿದ್ದರು.

"ಎಂಗಿತ್ತು ಆ ಕಣ್ಣು? ಹೇಳು ಮಗಾ."

"ಸಣ್ಣ ಕಣ್ಣು... ನಗೋವಾಗ ಮುಚ್ಚೇ ಹೋಗೋವು. ಸ್ಕೂಲಿಂದ ಬರೋದು ಲೇಟಾದ್ರೆ ಬಾಗಿಲಲ್ಲಿ ನಿಂತು ಬೀದಿ ತುದಿ ತನಕ ನೋಡ್ತಿದ್ಲು." ಸಿದ್ದಗಂಗಮ್ಮ ಬಿಕ್ಕಳಿಸಿದಳು. ಎಂಟು ವರ್ಷದಿಂದ ಅವ್ವ ಹೇಗಿದ್ದಳು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ.

"ನಂಗೂ ಕಣ್ಣು ಬೇಕು ಅನ್ಸಿದ್ದು ಒಂದೇ ದಿನ," ಎಂದರು ಹನುಮಂತಮ್ಮ. "ಇವ್ನು ಹುಟ್ಟಿದ ದಿನ. ಆಮ್ಯಾಕೆ ಕೈಲೇ ನೋಡ್ಕಂಡೆ. ಅಳ್ಬ್ಯಾಡ. ಇನ್ಮ್ಯಾಕೆ ಯಾರ ಕಣ್ಣು ಬರ್ಯಾಕೆ ಮುಂಚೇನೂ ಕೇಳು. ಅಷ್ಟೇಯ."

ಆ ಸಂಜೆ ಐದರ ಬಸ್ಸಿಗೆ ತಾಯಿ ಮಗ ಹೊರಟುಹೋದರು. ಅಂಜಿನಪ್ಪ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಮೂರನೆಯ ದಿನ ಅವನು ಬರಲೂ ಇಲ್ಲ. ಪ್ರದರ್ಶನ ಮುಗಿದು ಚಿತ್ರಗಳೆಲ್ಲ ಗೋಡೆಯಿಂದಿಳಿದವು.

ಗುರುವಾರ ಬಂತು. ಕುಣಿಗಲ್ಲಿನ ಕವರು ಬರಲಿಲ್ಲ.

'ತಾಯಿ ಕ್ಷಮಿಸಿದರು. ಅವನು ಕ್ಷಮಿಸಲಿಲ್ಲ.' ಸಿದ್ದಗಂಗಮ್ಮ ಬೇರೆ ಸ್ಟುಡಿಯೋಗಳ ಕೆಲಸ ಹರಡಿಕೊಂಡು ಕೂತಳು. ಊರ್ಡಿಗೆರೆ ಕಡೆಯ ಮುದುಕರೊಬ್ಬರ ಫೋಟೋ, ಮುಚ್ಚಿದ ಕಣ್ಣು. ಬ್ರಷ್ ಎತ್ತಲಿಲ್ಲ. ಮೊದಲು ಒಂದು ಕಾರ್ಡು ಬರೆದಳು, 'ಇವರು ಯಾರು? ಇದ್ದಾರೆಯೇ?' ಎಂದು. ಬರೆದು ಮುಗಿಸಿ ಅತ್ತಳು. ಇಷ್ಟು ಸುಲಭವಾಗಿತ್ತಲ್ಲ!

ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ಯಾರೋ ಕೆಮ್ಮಿದರು. ಅಂಜಿನಪ್ಪ! ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಕವರಿಲ್ಲ, ಹೆಗಲಲ್ಲಿ ಕ್ಯಾಮೆರಾ ಇಲ್ಲ.

"ಈ ಗುರುವಾರ ಕೆಲಸ ಕಳಿಸ್ಲಿಲ್ಲ ನೀವು," ಅವಳ ಬಾಯಿಂದ ಮೊದಲು ಬಂದದ್ದು ಇಷ್ಟೇ.

"ಚೀಟಿ ಬರೆಯಾಕೆ ಕೂತೆ. ನಾಕು ಸಲ ಹರಿದಾಕಿದೆ. ಅದಕ್ಕೇ ನಾನೇ ಬಂದೆ."

ಅವಳು ಅರೆತೆರೆದ ಬಾಗಿಲನ್ನು ಹಿಡಿದು ನಿಂತಳು.

"ಅವತ್ತು 'ಸಾಕು' ಅಂದೆನಲ್ಲ, ಕೋಪಕ್ಕಲ್ಲ ಕಣ್ರೀ. ನಿಮ್ಮ ಕೈ ಅಷ್ಟು ನಡುಗ್ತಿತ್ತು. ನೋಡೋಕಾಗ್ಲಿಲ್ಲ ನಂಗೆ." ತಲೆ ತಗ್ಗಿಸಿದ. "ಬಸ್ಸಲ್ಲಿ ಅವ್ವ ಕೇಳಿದ್ಲು, ಆ ಹುಡುಗಿ ಎಂಗವ್ಳೆ ಹೇಳೋ ಅಂತ. ಹೇಳಾಕೆ ಶುರು ಮಾಡಿದೆ. ಹೆಬ್ಬೂರು ದಾಟಿದ್ರೂ ಮುಗೀಲಿಲ್ಲ... ಕುಣಿಗಲ್ ಬಂತು, ಆಗ್ಲೂ ಮುಗಿದಿರ್ಲಿಲ್ಲ."

"ತಪ್ಪು ಮಾಡಿದೋಳು ಅಂತಾನೂ ಹೇಳಿದ್ರಾ?"

"ಅದನ್ನೇ ಮೊದ್ಲು ಹೇಳಿದೆ. ತಪ್ಪು ಮಾಡಿ, ಎಲ್ಲರ ಮುಂದೆ ಬಂದು ಒಪ್ಕೊಂಡೋಳು ಅಂತ."

"ಅಮ್ಮ ಏನಂದ್ರು?"

"'ಇಷ್ಟೊತ್ತು ನೀನು ಯಾರ ಸುದ್ದೀನೂ ನಂಗೆ ಹೇಳಿಲ್ಲ ಕಣ್ಲಾ, ಓಗಿ ಮನೆಗೆ ಕರ್ಕಂಬಾ' ಅಂದ್ಲು."

ಸಿದ್ದಗಂಗಮ್ಮ ಸೆರಗಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ಒಳಗೆ ಅಪ್ಪನ ರೇಡಿಯೋ ನಿಂತದ್ದು ಇಬ್ಬರಿಗೂ ಕೇಳಿಸಿತು.

"ಅದು ಅಮ್ಮ ಅಂದದ್ದು. ನೀವು?"

"ನಂಗೆ ನೀವು ಬೇಕು ಗಂಗಾ. ಕೇಳ್ದೆ ಏನೂ ಮಾಡ್ಬಾರ್ದು ಅಂತ ಅವ್ವ ನಿಮಗಂದ್ಲು. ನಂಗೂ ಅಂದ್ಲು. ಅದಕ್ಕೇ ಕೇಳ್ತಿದೀನಿ. ಬರ್ತೀರಾ?"

"ಬರ್ತೀನಿ," ಎಂದಳು ಅವಳು. ಆಮೇಲೆ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. "ಮೊದ್ಲು ನೀವು ಒಳಗೆ ಬನ್ನಿ. ಅಪ್ಪನ್ನೂ ಕೇಳ್ಬೇಕಲ್ವಾ?"